ಚರ್ಚಿನ ರಂಗದ ಮೇಲೆ ‘ಗೊಲ್ಗೊಥಾ’
ನಜರ್‌ಬಾದಿನಲ್ಲಾಗಲಿ ಬೇರೆಡೆಯಲ್ಲಾಗಲಿ, ಚರ್ಚಿನ ಸಭೆಯವರೇ ವೇಷ ಕಟ್ಟಿ ಕ್ರಿಸ್ತನ ಕಡೆಯ ದಿನವನ್ನು ಆಡಹೊರಟಾಗ ಮೊದಲು ತೊಡಕಾಗುವುದು ನಟನೆಯಲ್ಲ, ಭಾಷೆಯೆಂದು ನಮಗೆ ತೋರುತ್ತದೆ. ಸತ್ಯವೇದದ ಕನ್ನಡ ವಾಚನಕ್ಕೆ ಒಗ್ಗಿದುದು. ಸಂಭಾಷಣೆಗೆ ಸುಲಭವಾಗಿ ಬಗ್ಗದು. ಮಂಜೇಶ್ವರದ ಗೋವಿಂದ ಪೈಯವರ ‘ಗೊಲ್ಗೊಥಾ’ (1937) ಘನವಾದ ಕೃತಿಯೇ ಸರಿ. ಆದರೆ ಅದು ಖಂಡಕಾವ್ಯ, ಅದರ ಪದಬಂಧದ ಬಿಗಿ ಹವ್ಯಾಸಿಯ ನಾಲಗೆಗೆ ಭಾರ. ಪಳಗಿದ ಒಂದು ಕಂಠ ಅದನ್ನು ವಾಚಿಸಿ, ಉಳಿದವರು ಮೂಕಾಭಿನಯದಿಂದ ನಡೆಸಿಕೊಡುವುದೇ ಮೇಲು. ಮಾರ್ಕನ ಸುವಾರ್ತೆಯಲ್ಲಿ ಪಿಲಾತನ ಮುಂದೆ ಕ್ರಿಸ್ತನು ಆಡುವುದು ಒಂದೇ ಉತ್ತರ. ಆದುದರಿಂದ ನುರಿತ ನಟ ಬೇಕಾದುದು ಪಿಲಾತನಿಗೆ. (ನಮ್ಮವರಾದರೋ ಗಡ್ಡ ಒಪ್ಪುವ ಎತ್ತರದ ತರುಣನನ್ನು ಕ್ರಿಸ್ತನಿಗಾಗಿ ಹುಡುಕುವುದರಲ್ಲೇ ದಿನ ಕಳೆಯುತ್ತಾರೆ.) ಇನ್ನು ಜನಸಂದಣಿ. ಭಾನುವಾರ ಕೀರ್ತನೆ ಹಾಡಿದ ಬಾಯಿಂದಲೇ ಶಿಲುಬೆಗೇರಿಸೆಂದು ಕೂಗಬೇಕಾದಾಗ ಅವರ ದನಿ ತಡವರಿಸುತ್ತದೆ. ವೃತ್ತಿನಟರಿಗೆ ಎಟುಕದ ಆ ಅಳುಕನ್ನು ನಿರ್ದೇಶಕನು ತಿದ್ದಬಾರದು.