ಕೈಗುಣವನ್ನು ಅಳೆಯುವ ಕಷ್ಟ

ಎದೆಮೂಳೆಯ ಹಿಂದೆ ಎಡಬಲಕ್ಕೆ ಎರಡು ಅಪಧಮನಿಗಳು ಇಳಿದುಬರುತ್ತವೆ. ಬೈಪಾಸ್ ಮಾಡುವಾಗ ಎಡಗಡೆಯದನ್ನು ಬಿಡಿಸಿ ಹೃದಯಕ್ಕೆ ಹೊಲಿಯುವುದು ದಶಕಗಳ ರೂಢಿ. ಉಳಿದ ಕಡೆಗೆ ಕಾಲಿನಿಂದ ತೆಗೆದ ರಕ್ತನಾಳ. ಕಾಲಿನದು ವರ್ಷ ಕಳೆದಂತೆ ಕಟ್ಟಿಕೊಳ್ಳುವುದು ಹೆಚ್ಚು, ಎದೆಯದು ಬಹುಕಾಲ ಬಾಳುತ್ತದೆ. ಹಾಗಾದರೆ ಎದೆಯ ಎರಡನ್ನೂ ಬಳಸಿದರೆ ಆಯುಸ್ಸು ಹೆಚ್ಚಬೇಕಲ್ಲ? ಹಳೆಯ ದಾಖಲೆಗಳು ಹೌದೆನ್ನುತ್ತಿದ್ದವು. ಆದರೆ ಅವುಗಳಲ್ಲಿ ಎರಡು ನಾಳ ಪಡೆದವರು ಹೆಚ್ಚಾಗಿ ಕಿರಿಯರು, ಗಟ್ಟಿಮುಟ್ಟಾದವರು. ಉಳಿಸಿದ್ದು ನಾಳವೋ, ಮೈಕಸುವೋ?

ಈ ಗಂಟು ಬಿಡಿಸಲು ಆಕ್ಸ್‌ಫರ್ಡ್‌ನ ಡೇವಿಡ್ ಟ್ಯಾಗರ್ಟ್ ಮುಂದಾಳತ್ವದಲ್ಲಿ 2004ರಲ್ಲಿ 'ಆರ್ಟ್' ಪ್ರಯೋಗ ಶುರುವಾಯಿತು. ಭಾರತವೂ ಸೇರಿ 7 ದೇಶಗಳ 28 ಆಸ್ಪತ್ರೆಗಳು, 3,102 ರೋಗಿಗಳು. ಯಾರಿಗೆ ಒಂದು, ಯಾರಿಗೆ ಎರಡು ಎಂಬುದು ವೈದ್ಯರ ಇಷ್ಟವಲ್ಲ, ಚೀಟಿ ಎತ್ತಿದಂತೆ. 2019ರಲ್ಲಿ ಹತ್ತು ವರ್ಷಗಳ ಲೆಕ್ಕ ಬಂತು: ಎರಡರ ಗುಂಪಿನಲ್ಲಿ ಶೇ 20.3ರಷ್ಟು ಸಾವು, ಒಂದರ ಗುಂಪಿನಲ್ಲಿ ಶೇ 21.2.

ವ್ಯತ್ಯಾಸವಿಲ್ಲ ಎಂದು ಕಡತ ಮುಚ್ಚುವುದು ಅವಸರವಾದೀತು.

ಮಾತ್ರೆಯನ್ನು ಯಾರ ಕೈ ಕೊಟ್ಟರೂ ಅದು ಅದೇ ಮಾತ್ರೆ. ಶಸ್ತ್ರಚಿಕಿತ್ಸೆ ಹಾಗಲ್ಲ, ನಮ್ಮ ಜನ ಕೈಗುಣ ಎನ್ನುವುದು ಸುಮ್ಮನೆ ಅಲ್ಲ. ಸುಮಾರು ಎರಡು ಮಿಲಿಮೀಟರ್ ಅಗಲದ ಬಲ ಅಪಧಮನಿಯನ್ನು ಗಾಯವಾಗದಂತೆ ಬಿಡಿಸಬೇಕು. ಎದೆಮೂಳೆಗೂ ಈ ನಾಳಗಳೇ ರಕ್ತ ಕೊಡುವುದರಿಂದ, ಎರಡನ್ನೂ ತೆಗೆದರೆ ಗಾಯ ಮಾಗುವುದು ತಡ, ಮಧುಮೇಹಿಗಳಲ್ಲಂತೂ ಇನ್ನೂ ಕಷ್ಟ. ಪ್ರಯೋಗದಲ್ಲಿ ಎರಡು ನಾಳ ನಿಗದಿಯಾಗಿದ್ದವರಲ್ಲಿ ಸುಮಾರು ಶೇ 14 ಮಂದಿಗೆ ಸಿಕ್ಕಿದ್ದು ಒಂದೇ. ಇತ್ತ ಒಂದರ ಗುಂಪಿನ ಐದನೇ ಒಂದಕ್ಕಿಂತ ಹೆಚ್ಚು ಮಂದಿಗೆ ಮುಂಗೈಯ ಅಪಧಮನಿಯನ್ನೂ ಜೋಡಿಸಲಾಗಿತ್ತು. ಹೋಲಿಸಬೇಕಿದ್ದ ಎರಡು ಗುಂಪುಗಳು ಒಂದರೊಳಗೊಂದು ಬೆರೆತುಹೋದವು.

ಇಲ್ಲೇ ಪ್ರಯೋಗದ ಪ್ರಾಮಾಣಿಕತೆ ಮೆಚ್ಚಬೇಕಾದದ್ದು. ಮುಖ್ಯ ಲೆಕ್ಕದಲ್ಲಿ ಪ್ರತಿ ರೋಗಿಯನ್ನೂ ಚೀಟಿ ಹೇಳಿದ ಗುಂಪಿನಲ್ಲೇ ಎಣಿಸಿದರು. ನಿಜವಾಗಿ ಒಂದಕ್ಕಿಂತ ಹೆಚ್ಚು ಅಪಧಮನಿ ಪಡೆದವರು ಹೆಚ್ಚು ಬದುಕಿದರೆಂಬ ಉಪಲೆಕ್ಕ ಆಕರ್ಷಕವೇ ಸರಿ, ಆದರೆ ಅದು ಹಳೆಯ ಪ್ರಶ್ನೆಯನ್ನೇ ಹಿಂಬಾಗಿಲಿನಿಂದ ಕರೆತರುತ್ತದೆ. ಕೊರತೆ ಇದ್ದದ್ದು ವಿನ್ಯಾಸದಲ್ಲಿ, ಪಳಗಿದ ಕೈಗಳನ್ನು ಆರಿಸುವುದರಲ್ಲಿ. ಬಡಿಯುವ ಹೃದಯದ ಮೇಲಿನ ಬೈಪಾಸನ್ನು ಪರೀಕ್ಷಿಸಿದ ಕೆನಡಾ ನೇತೃತ್ವದ 'ಕರೋನರಿ' ಪ್ರಯೋಗ, ತಾವು ಮಾಡುವ ವಿಧಾನದಲ್ಲಿ ನೂರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದವರನ್ನಷ್ಟೇ ಒಳಗೆ ಬಿಟ್ಟಿತ್ತು.

ಒಂದೋ, ಹೆಚ್ಚೋ ಎಂಬ ಅದೇ ಪ್ರಶ್ನೆಯನ್ನು ಮತ್ತೆ ಕೇಳಲು 2018ರಲ್ಲಿ ಆರಂಭವಾದ 'ರೋಮಾ' ಪ್ರಯೋಗ 'ಆರ್ಟ್'ನ ಪಾಠವನ್ನು ಕಲಿತೇ ಹುಟ್ಟಿದೆ. ಅದರ ಗುರಿ 4,300ಕ್ಕೂ ಹೆಚ್ಚು ರೋಗಿಗಳು. ಎರಡನೆಯ ಅಪಧಮನಿ ಎದೆಯದೋ ಮುಂಗೈಯದೋ, ಆಯ್ಕೆ ಶಸ್ತ್ರವೈದ್ಯರದು. ಒಂದರ ಗುಂಪಿನಲ್ಲಿ ಮಾತ್ರ ಮುಂಗೈ ನಾಳಕ್ಕೆ ಜಾಗವಿಲ್ಲ.