ಮೂರು ಗ್ರಂಥಗಳು, ಒಂದು ಗೈಡು

ಉತ್ತರಾಯಣದ ಹಬ್ಬಕ್ಕೆ ವಡೋದರೆಯ ಮಾಳಿಗೆಗಳ ಮೇಲೆಲ್ಲ ಗಾಳಿಪಟ ಹಾರುತ್ತಿರುವಾಗ, ಕೆಳಗೆ ಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತ ಮಕ್ಕಳು ನಮ್ಮ ಕನ್ನಡ ಬಳಗದಲ್ಲೂ ಇದ್ದಾರೆ. ಫೆಬ್ರವರಿಯಲ್ಲಿ ಅವರಿಗೆ ‘ಜಾಮ್’ ಪರೀಕ್ಷೆ. ಬಿ.ಎಸ್ಸಿ. ಮುಗಿಸಿದವರು ಐಐಟಿಗಳಲ್ಲಿ ಎಂ.ಎಸ್ಸಿ. ಸೇರಲು 2004ರಿಂದ ನಡೆದುಬಂದಿರುವ ಪರೀಕ್ಷೆಯಿದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದರಲ್ಲಿ ಪಾಲುಗೊಂಡಿರುವುದರಿಂದ, ಈ ನೆಪದಲ್ಲಾದರೂ ಮಕ್ಕಳು ಕನ್ನಡ ನಾಡನ್ನು ಕಂಡಾರೆಂಬ ಆಸೆ ನಮ್ಮಂಥವರದು.

ನಮ್ಮ ಅಕ್ಕನ ಮಗಳು ರಸಾಯನಶಾಸ್ತ್ರದಲ್ಲಿ ಒಮ್ಮೆ ಬರೆದು ಸ್ಥಾನ ಸಿಗದೆ ಎರಡನೆಯ ಸಲಕ್ಕೆ ಕುಳಿತಿದ್ದಾಳೆ. ತರಬೇತಿಯ ಶುಲ್ಕಕ್ಕೆಂದು ಭಾವನವರು ಪಿ.ಎಫ್. ಹಣಕ್ಕೆ ಕೈಹಾಕಿದ್ದಾರೆ. “ನೀನೂ ಬಿ.ಎಸ್ಸಿ. ಓದಿದಾಂವ, ಯಾವ ಪುಸ್ತಕ ಛಲೋ ಅದ ಒಂದೀಟು ನೋಡಪಾ” ಎಂದು ಅಕ್ಕ ಕರೆದಳು. ಮೇಜಿನ ಮೇಲೆ ಮೂರು ದಪ್ಪ ಗ್ರಂಥಗಳೂ ಒಂದು ಗೈಡೂ ಇದ್ದವು. ಗ್ರಂಥಗಳ ಬೆನ್ನು ಇನ್ನೂ ಹೊಸದಾಗಿತ್ತು. ಗೈಡಿನ ಪುಟಗಳು ಮಾತ್ರ ಮೂಲೆ ಮಡಚಿ ಕರಿಗಟ್ಟಿದ್ದವು. ಈ ವಿಮರ್ಶೆ ಹುಟ್ಟಿದ್ದು ಅಲ್ಲಿ.

ಗೈಡನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಹಿಂದಿನ ವರ್ಷಗಳಲ್ಲಿ ಏನೇನು ಕೇಳಿದ್ದಾರೆಂಬುದನ್ನು ಅದು ತೋರಿಸುತ್ತದೆ, ಗಡಿಯಾರದ ಮುಂದೆ ಕೆಲಸ ಮಾಡುವುದನ್ನು ಕಲಿಸುತ್ತದೆ. ಅದರ ದೋಷವೆಂದರೆ ಪ್ರತಿ ಅಧ್ಯಾಯಕ್ಕೂ ಒಂದು ಸೂತ್ರ, ಪ್ರತಿ ಪ್ರಶ್ನೆಗೂ ಒಂದು ಅಕ್ಷರ ಕೊಟ್ಟು ಸುಮ್ಮನಾಗುವುದು. ನಾವು ಹುಡುಗಿಗೆ ಒಂದು ಹಳೆಯ ಲೆಕ್ಕ ಕೊಟ್ಟೆವು: ಹೈಡ್ರೊಕ್ಲೋರಿಕ್ ಆಮ್ಲವನ್ನು ಲೀಟರಿಗೆ ಹತ್ತು ಕೋಟಿಯಲ್ಲಿ ಒಂದು ಮೋಲಿನಷ್ಟು ತೆಳುಮಾಡಿದರೆ ಅದರ ಪಿಎಚ್ ಎಷ್ಟು? ಸೂತ್ರಕ್ಕೆ ಹಾಕಿ ಥಟ್ಟನೆ 8 ಎಂದಳು. “ನೀರಿಗೆ ಆಮ್ಲ ಹಾಕಿದರ ಕ್ಷಾರ ಆತೇನವ್ವಾ?” ಎಂದು ಕೇಳಿದಾಗ ಪೆನ್ನು ನಿಂತಿತು. ಇಷ್ಟು ತೆಳುವಾದ ಆಮ್ಲದಲ್ಲಿ ನೀರು ತಾನೇ ಕೊಡುವ ಹೈಡ್ರೊಜನ್ ಅಯಾನುಗಳೇ ಹೆಚ್ಚು. ಅವನ್ನೂ ಲೆಕ್ಕಕ್ಕೆ ಹಿಡಿದರೆ ಉತ್ತರ 6.98. ಹುಡುಗಿ ತಿದ್ದಿಕೊಂಡಳು. ಆದರೂ ಕೇಳಿದಳು: “ಮಾಮಾ, ಉತ್ತರ ಬಂದ್ರ ಸಾಕಲ್ಲ, ಕಾರಣ ಯಾರು ಕೇಳ್ತಾರ?”

ಪ್ರಶ್ನೆ ಅವಳ ತಪ್ಪಲ್ಲ, ಪರೀಕ್ಷೆಯೇ ಕಲಿಸಿದ್ದು. ಆರಂಭದ ವರ್ಷಗಳಲ್ಲಿ ಜಾಮ್‌ನಲ್ಲಿ ವಿವರವಾಗಿ ಬರೆಯುವ ಪ್ರಶ್ನೆಗಳೂ ಇದ್ದವು. ಉತ್ತರ ತಪ್ಪಿದರೂ ಹಾದಿ ಎಲ್ಲಿಯವರೆಗೆ ಸರಿಯಿತ್ತೆಂದು ಒಬ್ಬ ಮನುಷ್ಯ ಓದಿ ನೋಡುತ್ತಿದ್ದ. 2015ರಿಂದ ಎಲ್ಲವೂ ಗಣಕದ ಮುಂದೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಮೂವತ್ತರಲ್ಲಿ ಒಂದೇ ಸರಿಯುತ್ತರ. ತಪ್ಪಿದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಪಾಲು ಕಡಿತ. ಹತ್ತರಲ್ಲಿ ಸರಿಯಾದವನ್ನೆಲ್ಲ ಗುರುತಿಸಬೇಕು, ಒಂದು ಬಿಟ್ಟರೂ ಅಂಕವಿಲ್ಲ. ಇಪ್ಪತ್ತಕ್ಕೆ ಸಂಖ್ಯೆಯನ್ನೇ ತುಂಬಬೇಕು. ನಮ್ಮ ಕಚೇರಿಗಳಲ್ಲಿ ಕಾರಣ ಬರೆಯದ ಟಿಪ್ಪಣಿ ಕಡತದೊಡನೆ ಹಿಂದಿರುಗುತ್ತದೆ. ಇಲ್ಲಿ ಕಾರಣ ಬರೆಯಲು ಜಾಗವೇ ಇಲ್ಲ. ದೇಶದುದ್ದಕ್ಕೂ ಸಾವಿರಾರು ಮಕ್ಕಳ ಉತ್ತರ ನೋಡಲು ಇದು ಅನುಕೂಲವೆಂಬುದನ್ನು ಒಪ್ಪುತ್ತೇವೆ. ಆದರೆ ಯಂತ್ರ ಕೇಳದ ಕಾರಣವನ್ನು ಗೈಡೂ ಹೇಳುವುದಿಲ್ಲ, ಕೊನೆಗೆ ಮಕ್ಕಳೂ ಕೇಳುವುದಿಲ್ಲ. ಇದೇ ನಮ್ಮ ಆಕ್ಷೇಪ.

ಈಗ ಗ್ರಂಥಗಳಿಗೆ ಬರೋಣ. ಮಾರಿಸನ್ ಮತ್ತು ಬಾಯ್ಡ್ ಅವರ ಸಾವಯವ ರಸಾಯನಶಾಸ್ತ್ರ ಮೊದಲು ಬಂದದ್ದು 1959ರಲ್ಲಿ. ಪ್ರೊಪೀನಿಗೆ ಹೈಡ್ರೊಜನ್ ಬ್ರೋಮೈಡ್ ಸೇರಿದಾಗ ಬ್ರೋಮಿನ್ ನಡುವಣ ಇಂಗಾಲಕ್ಕೂ, ಪೆರಾಕ್ಸೈಡ್ ಇದ್ದರೆ ತುದಿಯ ಇಂಗಾಲಕ್ಕೂ ಹೋಗುತ್ತದೆಂದು ಗೈಡು ಒಂದು ಸಾಲಿನಲ್ಲಿ ಮುಗಿಸುತ್ತದೆ. ಇಂಥ ಪ್ರಯೋಗಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫಲ ಬರುತ್ತಿದ್ದುದು ಏಕೆಂಬುದನ್ನು 1933ರಲ್ಲಿ ಷಿಕಾಗೋದ ಖರಾಷ್ ಮತ್ತು ಮೇಯೊ ಬಿಡಿಸಿದರು: ಗಾಳಿ ತಾಗಿದ ದ್ರವದಲ್ಲಿ ತಾನಾಗಿ ಹುಟ್ಟಿದ ಪೆರಾಕ್ಸೈಡೇ ಕಳ್ಳ! ಮಾರಿಸನ್–ಬಾಯ್ಡ್ ಈ ಕಥೆಯನ್ನು ಹೇಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಒಂದು ದಾರಿಯಲ್ಲಿ ಮೊದಲು ಬರುವುದು ಹೈಡ್ರೊಜನ್, ಇನ್ನೊಂದರಲ್ಲಿ ಬ್ರೋಮಿನ್. ಎರಡರಲ್ಲೂ ಮೊದಲು ಬಂದದ್ದು ತುದಿಯಲ್ಲೇ ಕೂರುತ್ತದೆ, ಏಕೆಂದರೆ ಆಗಲೇ ನಡುವೆ ಹುಟ್ಟುವ ಕಣ ಹೆಚ್ಚು ಸ್ಥಿರ. ಎರಡು ನಿಯಮ ಬಾಯಿಪಾಠ ಮಾಡುವ ಕಡೆ ಒಂದೇ ಕಾರಣ ಸಾಕಾಯಿತು. ಈ ಕಥನದ ಹರಿವೇ ಗ್ರಂಥದ ದೋಷವೂ ಹೌದು: ಬೇಕಾದ ಪುಟವನ್ನು ನಡುವಿನಿಂದ ಕಿತ್ತು ಓದಿದರೆ ಅದು ಒಲಿಯುವುದಿಲ್ಲ. ಪರೀಕ್ಷೆಗೆ ಮೂರು ತಿಂಗಳಿರುವಾಗ ಹಿಡಿಯುವ ಪುಸ್ತಕವಲ್ಲ.

ಜೆ. ಡಿ. ಲೀ ಅವರ ಅಜೈವಿಕ ರಸಾಯನಶಾಸ್ತ್ರ ನಮ್ಮ ಗುಮಾಸ್ತ ಮನಸ್ಸಿಗೆ ಹಿಡಿಸುವ ರಿಜಿಸ್ಟರು. ಧಾತುಗಳನ್ನು ಗುಂಪು ಗುಂಪಾಗಿ ಕೂರಿಸಿ, ಎಲ್ಲಿ ಸಿಗುತ್ತವೆ, ಹೇಗೆ ತೆಗೆಯುತ್ತಾರೆ, ಯಾವುದಕ್ಕೆ ಬರುತ್ತವೆ ಎಲ್ಲವನ್ನೂ ದಾಖಲಿಸಿದ್ದಾರೆ. 1996ರ ಐದನೆಯ ಆವೃತ್ತಿಯಲ್ಲಿರುವ ಉತ್ಪಾದನೆಯ ಅಂಕಿಗಳು ಈಗ ಹಳತಾಗಿವೆ. ಅವನ್ನು ಉರುಹೊಡೆಯುವುದು ವ್ಯರ್ಥ. ಆದರೆ ವಡೋದರೆಯವರಿಗೆ ಈ ಪುಸ್ತಕದಲ್ಲೊಂದು ವಿಶೇಷವಿದೆ. ಕೊಯಲಿಯ ತೈಲ ಶುದ್ಧೀಕರಣಾಗಾರ, 1962ರಲ್ಲಿ ಸ್ಥಾಪಿತವಾದ ಜಿ.ಎಸ್.ಎಫ್.ಸಿ. ಗೊಬ್ಬರ ಕಾರ್ಖಾನೆ, 1973ರ ಗುಜರಾತ್ ಆಲ್ಕಲೀಸ್, ಇವೆಲ್ಲ ನಮ್ಮ ಊರ ಅಂಚಿನಲ್ಲೇ ಇವೆ. ಲೀ ಅವರ ಅಮೋನಿಯಾ, ಕಾಸ್ಟಿಕ್ ಸೋಡಾಗಳು ನಮ್ಮ ನೆರೆಹೊರೆಯವು.

ಅಟ್ಕಿನ್ಸ್ ಅವರ ಭೌತ ರಸಾಯನಶಾಸ್ತ್ರ (1978) ಮೂರರಲ್ಲಿ ಕಠಿಣ. ಬಿ.ಎಸ್ಸಿ.ಯಲ್ಲಿ ಗಣಿತ ಬಿಟ್ಟು ಜೀವಶಾಸ್ತ್ರ ಹಿಡಿದ ಮಕ್ಕಳು ಇಲ್ಲಿ ಎಡವುತ್ತಾರೆ, ಜಾಮ್‌ನ ಪಠ್ಯಕ್ರಮವೋ ಗಣಿತವನ್ನೂ ಕೇಳುತ್ತದೆ. ಆದರೂ ಸಮೀಕರಣ ಬಂದ ಮೇಲೆ ಅದರ ಅರ್ಥವೇನೆಂದು ಮಾತಿನಲ್ಲಿ ಹೇಳುವ ಸೌಜನ್ಯ ಇವರಲ್ಲಿದೆ. ಮೊದಲ ಓದಿಗೆ ಆ ಮಾತುಗಳನ್ನು ಓದಿ, ಎರಡನೆಯ ಸಲ ಗಣಿತಕ್ಕೆ ಕೈಹಾಕುವುದು ಮೇಲು.

ಇದೇ ಊರಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1971ರಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿದ ವೆಂಕಟರಾಮನ್ ರಾಮಕೃಷ್ಣನ್ ಅವರು 2009ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಅವರಿಗೂ ಐಐಟಿಯಲ್ಲಿ ಪ್ರವೇಶ ಸಿಕ್ಕಿರಲಿಲ್ಲ. ಇದನ್ನು ಹೇಳಿದ್ದು ಪರೀಕ್ಷೆಯನ್ನು ತುಚ್ಛೀಕರಿಸಲು ಅಲ್ಲ. ಒಂದು ಬಾಗಿಲು ಮುಚ್ಚಿದ ಮನೆಗಳಲ್ಲಿ ಧೈರ್ಯ ಉಳಿಯಲೆಂದು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ನಾವು ಹುಡುಗಿಯನ್ನು ಕೇಳಿದೆವು: ತಂಪಿದ್ದಷ್ಟೂ ಅಮೋನಿಯಾದ ಪಾಲು ಹೆಚ್ಚೆಂದು ಪುಸ್ತಕ ಹೇಳುವಾಗ, ಕಾರ್ಖಾನೆಯಲ್ಲಿ ನಾನೂರು ಡಿಗ್ರಿಗೂ ಮೇಲೆ ಕಾಯಿಸುವುದೇಕೆ? ಅವಳು ತಡವರಿಸಿದಳು. ಗೊಬ್ಬರ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಪಾಳಿ ಮಾಡಿದ ಭಾವನವರು ರೊಟ್ಟಿ ಮುರಿಯುತ್ತಲೇ ಹೇಳಿದರು: “ತಂಪಿದ್ರ ಕೆಲಸನ ನಡೆಯೂದಿಲ್ಲವಾ. ಪಾಲು ಕಡಿಮಿ ಆದ್ರೂ ಚಿಂತಿಲ್ಲ, ಲಗೂ ಆಗಬೇಕು. ಉಳಿದ ಗ್ಯಾಸು ಮತ್ತ ತಿರುಗಿ ಒಳಗ ಹಾಕತೀವಿ.” ಸಮತೋಲ, ವೇಗ, ವೇಗವರ್ಧಕ, ಒಂದು ಅಧ್ಯಾಯವೇ ಆ ಮಾತಿನಲ್ಲಿತ್ತು. ಮಗಳು ಅಪ್ಪನನ್ನು ರಸಾಯನಶಾಸ್ತ್ರ ಕೇಳಿದ್ದು ಅದೇ ಮೊದಲು. ಊಟ ಮುಗಿದರೂ ಇಬ್ಬರೂ ಏಳಲಿಲ್ಲ.

ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಬರುತ್ತದೆ, ನಿಜ. ಕಾರಣವನ್ನು ಕನ್ನಡದಲ್ಲಿ ಹೇಳಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಗೈಡು ಕಡೆಯ ತಿಂಗಳಿಗಿರಲಿ. ಅಲ್ಲಿಯವರೆಗೆ ದಿನಕ್ಕೆ ಐದೇ ಲೆಕ್ಕವಾದರೂ ಸರಿ, ‘ಏಕೆ’ ಎಂಬುದನ್ನು ಪಕ್ಕದಲ್ಲಿ ಒಂದು ಸಾಲು ಬರೆದು ಮಾಡಲೆಂಬುದು ನಮ್ಮ ಸೂಚನೆ. ಕಾರಣ ಯಾರು ಕೇಳ್ತಾರ ಎಂದು ಮಕ್ಕಳು ಅಂದರೆ, ಮನೆಯಲ್ಲಿ ನಾವು ಕೇಳೋಣ.