ಸುಮನ್ ಕಲ್ಯಾಣಪುರ ಅವರ ‘ಉಹೂಂ’

ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ನಾಟ್ಯಮಂದಿರವಿರಲಿ, ಕಲ್ಯಾಣದ ಅತ್ರೆ ರಂಗಮಂದಿರವಿರಲಿ, ಥಾಣೆಯ ಗಡ್ಕರಿ ರಂಗಾಯತನವಿರಲಿ, ಹಳೆಯ ಹಿಂದಿ ಹಾಡುಗಳ ಸಂಜೆ ಎಂದರೆ ‘ಬ್ರಹ್ಮಚಾರಿ’ (1968) ಚಿತ್ರದ ಆ ಕುಣಿತದ ಹಾಡು ಬಂದೇ ಬರುತ್ತದೆ. ಹಿಂದಿನ ಸಾಲಿನಲ್ಲಿ ಯಾರಾದರೊಬ್ಬರು ಪಕ್ಕದವರಿಗೆ ‘ರಫಿ-ಲತಾ’ ಎಂದು ಪಿಸುಗುಡುವುದೂ ಅಷ್ಟೇ ಖಾತ್ರಿ. ರಫಿ ಸರಿ. ಜೊತೆಗಿರುವ ದನಿ ಸುಮನ್ ಕಲ್ಯಾಣಪುರ ಅವರದು.

ಅಡ್ಡಹೆಸರು ಕೇಳಿ ನಮ್ಮ ಕಲ್ಯಾಣ ಜಂಕ್ಷನ್ನಿನವರು ಎಂದುಕೊಂಡ ಸಹೋದ್ಯೋಗಿಗಳೂ ನನಗಿದ್ದಾರೆ! ಅದು 1958ರಲ್ಲಿ ಮದುವೆಯಿಂದ ಬಂದ ಹೆಸರು. ತವರಿನ ಹೆಸರು ಸುಮನ್ ಹೆಮ್ಮಾಡಿ. ಕುಂದಾಪುರದಾಚೆಯ ಅದೇ ಹೆಮ್ಮಾಡಿ, ಚಳಿಗಾಲದಲ್ಲಿ ಸೇವಂತಿಗೆ ಗದ್ದೆಗಳು ಹಳದಿಯಾಗುವ ಊರು. ತಂದೆಯ ಬ್ಯಾಂಕ್ ನೌಕರಿಯಿಂದಾಗಿ ಅವರು ಹುಟ್ಟಿದ್ದು ಢಾಕಾದಲ್ಲಿ, 1937ರಲ್ಲಿ. 1943ರಲ್ಲಿ ಕುಟುಂಬ ಮುಂಬಯಿಗೆ ಬಂತು. ಹುಡುಗಿ ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತಳು, ಕೇಶವರಾವ್ ಭೋಳೆಯವರ ಬಳಿ ಹಾಡು ಕಲಿತಳು. 1954ರ ಹೊತ್ತಿಗೆ ಹಿನ್ನೆಲೆ ಗಾಯಕಿಯಾದಳು. ಕೆಲಸದ ದೆಸೆಯಿಂದ ಊರು ಬಿಟ್ಟು, ಹೆಸರಿನಲ್ಲಿ ಮಾತ್ರ ಊರನ್ನು ಹೊತ್ತು ತಿರುಗುವ ನಮ್ಮಂಥವರಿಗೆ ಈ ಕತೆ ಹೊಸದೇನಲ್ಲ.

ಅವರ ಬಗ್ಗೆ ಯಾರು ಬರೆದರೂ ಮೊದಲು ಬರುವ ಮಾತು ಒಂದೇ. ಗೌರವಧನದ ವಿಚಾರಕ್ಕೆ ಲತಾ ಮತ್ತು ರಫಿ ಮುನಿಸಿಕೊಂಡು 1960ರ ದಶಕದ ನಡುವೆ ಕೆಲವು ವರ್ಷ ಜೊತೆಗೆ ಹಾಡಲಿಲ್ಲ, ಆ ಜಾಗ ಸುಮನ್‌ಗೆ ಸಿಕ್ಕಿತು ಎಂಬುದು. ನಮ್ಮ ಐಟಿ ಕಂಪನಿಗಳಲ್ಲಿ ಇಂಥವರನ್ನು ‘ಬ್ಯಾಕಪ್ ರಿಸೋರ್ಸ್’ ಎನ್ನುತ್ತೇವೆ. ಮುಖ್ಯ ವ್ಯಕ್ತಿ ರಜೆ ಹಾಕಿದಾಗ ಪ್ರಾಜೆಕ್ಟ್ ನಿಲ್ಲಬಾರದೆಂದು ಇಟ್ಟುಕೊಂಡವರು. ಅವರು ಎಷ್ಟು ಚೆನ್ನಾಗಿ ದುಡಿದರೂ ಅಪ್ರೈಸಲ್‌ನಲ್ಲಿ ಮೊದಲು ಬರುವುದು ರಜೆ ಹಾಕಿದವರ ಹೆಸರು.

ಮುನಿಸು ನಿಜ. ‘ರಾಜ್‌ಕುಮಾರ್’, ‘ಜಬ್ ಜಬ್ ಫೂಲ್ ಖಿಲೇ’ ಚಿತ್ರಗಳ ಯುಗಳಗೀತೆಗಳು ಆ ಕಾಲದವೇ. ಆದರೆ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ರೋಶನ್ ‘ಬರ್ಸಾತ್ ಕೀ ರಾತ್’ ಚಿತ್ರದ ಮಲ್ಹಾರವನ್ನು ಸುಮನ್ ಮತ್ತು ಕಮಲ್ ಬಾರೋಟ್ ಅವರಿಂದ ಹಾಡಿಸಿದ್ದು 1960ರಲ್ಲಿ. ಗುಲಾಂ ಮೊಹಮ್ಮದ್ ‘ಶಮಾ’ಗೆ ಕರೆದದ್ದು 1961ರಲ್ಲಿ. ಎಸ್.ಡಿ. ಬರ್ಮನ್ ‘ಬಾತ್ ಏಕ್ ರಾತ್ ಕೀ’ಗೆ ಹಾಡಿಸಿದ್ದು 1962ರಲ್ಲಿ. ಆಗ ಬರ್ಮನ್‌ದಾಗೂ ಲತಾಗೂ ಆಗಿಬರುತ್ತಿರಲಿಲ್ಲವಲ್ಲ ಎಂದು ಹಳಬರು ನೆನಪಿಸಬಹುದು. ಒಪ್ಪಿದೆ. ಆದರೆ ಬರ್ಮನ್‌ದಾ ಕೈಯಳತೆಯಲ್ಲಿ ಆಶಾ ಇದ್ದರು, ಗೀತಾ ದತ್ ಇದ್ದರು. ಅವರನ್ನು ಬಿಟ್ಟು ಸುಮನ್ ಅವರನ್ನು ಕರೆದರೆಂದರೆ ಬೇಕಾಗಿದ್ದದ್ದು ಆ ದನಿಯೇ.

ದನಿ ಲತಾ ದನಿಯನ್ನು ಹೋಲುತ್ತದೆ, ಅದನ್ನು ಅಲ್ಲಗಳೆಯುವುದು ಹಟವಾದೀತು. ಹೇಮಂತ್ ಕುಮಾರ್ ‘ಚಾಂದ್’ (1959) ಚಿತ್ರದಲ್ಲಿ ಇಬ್ಬರನ್ನೂ ಒಟ್ಟಿಗೆ ಹಾಡಿಸಿದ್ದಾರೆ, ಕಿವಿಗೆ ಒಳ್ಳೆಯ ಪರೀಕ್ಷೆ. ಲತಾ ಸ್ವರವನ್ನು ಸೂಜಿಮೊನೆಯ ಹಾಗೆ ನೇರ ಇಡುತ್ತಾರೆ. ಸುಮನ್ ಸ್ವರದ ಅಂಚು ತುಸು ದುಂಡಗೆ, ಸುತ್ತ ಸ್ವಲ್ಪ ಉಸಿರು ಇರುತ್ತದೆ. ಸಾಲು ಮುಗಿಯುವಲ್ಲಿ ಲತಾ ನಿಲ್ಲಿಸುತ್ತಾರೆ, ಸುಮನ್ ಇಳಿಸಿಬಿಡುತ್ತಾರೆ. ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ, ಇಯರ್‌ಫೋನ್ ಹಾಕಿದರೂ, ಸುಮನ್ ಅರ್ಧ ಕೇಳಿಸುವುದಿಲ್ಲ. ಆ ಗದ್ದಲವನ್ನು ತೂರಿ ಬರುವುದು ಲತಾ ಮಾತ್ರ. ಥಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹತ್ತಿ ಕಿಟಕಿ ಪಕ್ಕ ಜಾಗ ಸಿಕ್ಕರೆ ಆಗ ಸುಮನ್ ಸರದಿ.

ಮಜಾ ಎಂದರೆ ಮರಾಠಿಯಲ್ಲಿ ಈ ಗೊಂದಲವೇ ಇಲ್ಲ. ಅಶೋಕ್ ಪತ್ಕಿ ರಾಗ ಹಾಕಿದ ಕೇತಕಿವನದ ನವಿಲಿನ ಹಾಡನ್ನಾಗಲಿ, ‘ಬಾಳಾ ಗಾಊ ಕಶೀ ಅಂಗಾಈ’ (1977) ಚಿತ್ರದ ಜೋಗುಳವನ್ನಾಗಲಿ ನಮ್ಮ ಸೊಸೈಟಿಯ ಯಾವ ಮರಾಠಿ ಕಾಕುವೂ ಲತಾ ಹಾಡು ಎನ್ನುವುದಿಲ್ಲ. ‘ಸುಮನ್‌ತಾಯಿ’ ಎನ್ನುತ್ತಾರೆ. ಅದೇ ಗಂಟಲು, ಲತಾ ಕೂಡ ಮರಾಠಿಯಲ್ಲಿ ಬೇಕಾದಷ್ಟು ಹಾಡಿದ್ದಾರೆ. ಮರಾಠಿಯವರು ಅವರನ್ನು ಭಾವಗೀತೆಗಳ ಮೂಲಕ, ಹೆಸರು ಹಿಡಿದು ಕೇಳಿದರು. ಹಿಂದಿಯಲ್ಲಿ ನಾವು ನಾಯಕಿಯ ಮುಖ ನೋಡುತ್ತಾ ಕೇಳಿದೆವು. ಕನ್ನಡದಲ್ಲೂ ಅವರು ಹಾಡಿದ್ದಾರೆ, ನಾವಂತೂ ‘ನಮ್ಮ ಹೆಮ್ಮಾಡಿಯವರು’ ಎಂದು ಸೊಲ್ಲೆತ್ತಿದ್ದೇ ಕಡಿಮೆ.

ಎಲ್ಲ ಹಾಡನ್ನೂ ತಲೆಯ ಮೇಲೆ ಹೊತ್ತು ಕುಣಿಯಲಾರೆ. ಶಂಕರ್-ಜೈಕಿಶನ್ ಅವರ ಹಲವು ಯುಗಳಗೀತೆಗಳಲ್ಲಿ ಲತಾಗೆಂದೇ ಅಳತೆ ತೆಗೆದ ಬಟ್ಟೆಯನ್ನು ಇವರಿಗೆ ತೊಡಿಸಿದಂತಿದೆ. ತಾರದಲ್ಲಿ ಎಳೆಯುವಲ್ಲಿ ದನಿ ತೆಳುವಾಗುತ್ತದೆ. ಅವರದೇ ‘ಸಾಂಝ್ ಔರ್ ಸವೇರಾ’ (1964) ಚಿತ್ರದಲ್ಲಿ ರಫಿ ಜೊತೆಗಿನ ವಿರಹದ ಹಾಡು ಬೇರೆ ಮಾತು. ಅಲ್ಲಿ ಅವಸರವಿಲ್ಲ, ರಾಗ ಕೂತು ಮಾತಾಡುತ್ತದೆ.

ಈ ದನಿಗೆ ತಕ್ಕ ಜಾಗ ಕೊಟ್ಟವರು ಖಯ್ಯಾಮ್. ‘ಮೊಹಬ್ಬತ್ ಇಸ್‌ಕೋ ಕಹತೇ ಹೈಂ’ (1965) ಚಿತ್ರದ ಯುಗಳಗೀತೆಯಲ್ಲಿ ನಾಯಕ ಇನ್ನೂ ಸ್ವಲ್ಪ ಹೊತ್ತು ಇರಿ ಎಂದು ಬೇಡುತ್ತಾನೆ. ನಾಯಕಿಯ ಉತ್ತರ ಬರೀ ‘ಉಹೂಂ’. ತುಟಿ ತೆರೆಯುವ ಮೊದಲೇ ಮುಗಿದುಹೋಗುವ ಸದ್ದು ಅದು. ನೆಂಟರ ಮನೆಯಲ್ಲಿ ಇನ್ನೊಂದು ಹೋಳಿಗೆ ಬಡಿಸಲು ಬಂದಾಗ ನಾವು ಹೇಳುವ ‘ಬೇಡ’ದ ಹಾಗೆ, ನಿರಾಕರಣೆಯಿದೆ, ಏಳುವ ಅವಸರವಿಲ್ಲ. ರಫಿ ಇಡೀ ಪಲ್ಲವಿ ಹಾಡಿ ಗಳಿಸಿದ್ದನ್ನು ಈ ಎರಡಕ್ಷರ ಕಸಿದುಕೊಳ್ಳುತ್ತದೆ. ಬ್ಯಾಕಪ್ ಆಗಿ ಬಂದವರು ಇಂಥ ಕೆಲಸ ಮಾಡುವುದಿಲ್ಲ.

ಅದಕ್ಕೂ ಒಂದು ವರ್ಷ ಮೊದಲು ಬಂದದ್ದು ‘ಶಗೂನ್’ (1964). ಸಾಹಿರ್ ಸಾಹಿತ್ಯ. ಆ ಚಿತ್ರ ಎಂದರೆ ಎಲ್ಲರೂ ನೆನೆಯುವುದು ಖಯ್ಯಾಮ್ ಮಡದಿ ಜಗಜೀತ್ ಕೌರ್ ಹಾಡಿದ ಹಾಡನ್ನು, ನಿನ್ನ ದುಃಖವೆಲ್ಲ ನನಗೆ ಕೊಡು ಎಂದು ಕೇಳುವವಳ ಹಾಡು. ದೊಡ್ಡ ಹಾಡು, ತಕರಾರಿಲ್ಲ. ಅದೇ ಚಿತ್ರದಲ್ಲಿ ಸುಮನ್ ಹಾಡಿದ್ದು ಪ್ರೀತಿಯ ದೀಪಗಳನ್ನು ತನ್ನ ಕೈಯಾರೆ ಆರಿಸಿಕೊಂಡವಳ ಹಾಡು. ನನಗೆ ಇದು ಒಂದು ಗುಲಗಂಜಿ ತೂಕ ಹೆಚ್ಚು. ಜಗಜೀತ್ ಅವರ ದುಃಖಕ್ಕೆ ಎದುರಿಗೆ ಕೇಳುವವನೊಬ್ಬ ಇದ್ದಾನೆ. ಸುಮನ್ ಹಾಡಿನಲ್ಲಿ ಯಾರೂ ಇಲ್ಲ, ಅಳುವೂ ಇಲ್ಲ. ಆರಿದ ಬತ್ತಿಯ ಹೊಗೆ ಮೇಲೇಳುವುದನ್ನು ನೋಡುತ್ತಾ ಕೂತವಳಂತೆ ಹಾಡುತ್ತಾರೆ. ರಾತ್ರಿ ಹನ್ನೊಂದರ ನಂತರ, ಮಿಕ್ಸಿ, ಟಿವಿ, ಲಿಫ್ಟಿನ ಸದ್ದು ಎಲ್ಲ ನಿಂತ ಮೇಲೆ ಕೇಳಿ. ವಾಲ್ಯೂಮ್ ಹೆಚ್ಚಿಸಬೇಡಿ.